ಐದು ನಲವತ್ತರ ನೀರು

ಬೀರುವಿನ ಕೆಳಗಿನ ಖಾನೆಯಿಂದ ಬಟ್ಟೆಯ ಗಂಟೊಂದನ್ನು ಎಳೆದೆ. ನೋವಿನ ಮುಲಾಮಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನಾನು ಹುಡುಕುತ್ತಿದ್ದದ್ದು ಅದನ್ನಲ್ಲ. ವೈಫೈ ಡಬ್ಬಿಯ ಜೊತೆ ಬಂದಿದ್ದ ರಟ್ಟಿನ ಪೆಟ್ಟಿಗೆ ಬೇಕಿತ್ತು, ಅದರ ಮೇಲೆಲ್ಲಾದರೂ ಪಾಸ್‌ವರ್ಡ್ ಗೀಚಿಟ್ಟಿರಬಹುದು ಎಂಬ ಆಸೆಗೆ. ಪೆಟ್ಟಿಗೆ ಸಿಗಲಿಲ್ಲ. ಗಂಟು ಬಿಚ್ಚಿದರೆ ಹಳೆಯ ವಾಯಿಲ್ ಸೀರೆಯ ತುಂಡಿನೊಳಗೆ ಒಂದು ಟ್ಯಾಬ್, ಮೂಲೆಯಲ್ಲಿ ಗಾಜು ಸೀಳಿದ್ದು. ಪಕ್ಕದ ಮನೆಯ ಅಕ್ಕನದು. ಮೊಣಕಾಲಿಗೆ ಮುಲಾಮು ತಿಕ್ಕಿದ ಕೈಯಲ್ಲೇ ಅದನ್ನು ಹಿಡಿಯುತ್ತಿದ್ದರು. ಎಷ್ಟು ವರ್ಷವಾದರೂ ವಾಸನೆ ಹೋಗಿಲ್ಲ… ನಾನು ನೆಲದ ಮೇಲೆ ಹಾಗೇ ಕೂತುಬಿಟ್ಟೆ.

ಪಾಸ್‌ವರ್ಡಿನ ರಗಳೆ ಶುರುವಾದದ್ದು ಮೊನ್ನೆ. ನನ್ನ ಫೋನು ತುಂಬಿದ ಬಕೆಟ್ಟಿಗೆ ಬಿತ್ತು. ಅಕ್ಕಿಯಲ್ಲಿ ಹುಗಿದಿಟ್ಟೆ, ಬಿಸಿಲಿಗಿಟ್ಟೆ, ಮಲಾಡ್ ಸ್ಟೇಷನ್ನಿನ ಹತ್ತಿರದ ರಿಪೇರಿಯವನ ಮುಂದೆ ಗೋಗರೆದೆ. ಅವನು ತಲೆಯಲ್ಲಾಡಿಸಿ ಹೊಸದೊಂದನ್ನು ಮಾರಿದ. ಮನೆಗೆ ತಂದರೆ ಆ ಹಾಳಾದ್ದು ಮೊದಲು ಕೇಳಿದ್ದೇ ವೈಫೈ ಪಾಸ್‌ವರ್ಡು. ಪಕ್ಕದಲ್ಲಿ ಎತ್ತರದ ಟವರ್ ಎದ್ದ ಮೇಲೆ ನಮ್ಮ ಒಳಕೋಣೆಗಳಿಗೆ ಮೊಬೈಲ್ ನೆಟ್ ಬರುವುದಿಲ್ಲ. ವೈಫೈ ಇಲ್ಲದಿದ್ದರೆ ಹೊಸ ಫೋನು ಮುಖ ನೋಡಿಕೊಳ್ಳಲಷ್ಟೇ. ಯಜಮಾನರದು ಗುಂಡಿ ಒತ್ತುವ ಹಳೆಯ ಫೋನು. ಶಾಲೆಯ ಲ್ಯಾಪ್‌ಟಾಪನ್ನು ನಿವೃತ್ತಿಯ ದಿನವೇ ಒಪ್ಪಿಸಿ ಬಂದಿದ್ದೆ. ಪಾಸ್‌ವರ್ಡ್ ಗೊತ್ತಿದ್ದದ್ದು ಮುಳುಗಿದ ಫೋನಿಗೆ ಮಾತ್ರ.

ನನ್ನ ಹೆಸರು, ಹುಟ್ಟಿದ ವರ್ಷ, ಯಜಮಾನರ ಹೆಸರು, ಶಾಲೆಯ ಹೆಸರು, ಧಾರವಾಡದ ತವರುಮನೆಯ ನಂಬರು, ಎಲ್ಲ ಹಾಕಿ ನೋಡಿದೆ. ಪ್ರತಿಸಲವೂ ತಪ್ಪು, ತಪ್ಪು ಎಂದೇ ಬಂತು. ಮುಂಬಯಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ನೋಟ್‌ಬುಕ್ಕಿಗೆ ಕೆಂಪು ಶಾಯಿಯಲ್ಲಿ ತಪ್ಪು ಹಾಕಿದವಳು ನಾನು. ಅದರ ಸಂಕಟ ಏನೆಂದು ಈಗ ಗೊತ್ತಾಯಿತು. ಯಜಮಾನರು ಪೇಪರಿನಿಂದ ತಲೆಯೆತ್ತದೆ, "ನೀನ ಇಟ್ಟಿದ್ದು, ನೀನ ನೆನಪು ಮಾಡ್ಕೋ" ಎಂದರು.

ಎಲ್ಲವನ್ನೂ ಬರೆದಿಡುವ ಚಾಳಿ ನನ್ನದು. ಲಾಕ್‌ಡೌನಿನ ವರ್ಷದ ಡೈರಿ ತೆಗೆದು ನೋಡಿದೆ. ಒಂದು ದಿನದ ಕೆಳಗೆ ನನ್ನದೇ ದುಂಡಗಿನ ಅಕ್ಷರದಲ್ಲಿ, "ಪಾಸ್‌ವರ್ಡ್ ಬದಲಿಸಿದೆ" ಎಂದಿತ್ತು. ಅಷ್ಟೇ. ಏನೆಂದು ಬದಲಿಸಿದೆ ಎನ್ನುವುದು ಇಲ್ಲ. ಯಾಕೆ ಬರೆಯಲಿಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಪಕ್ಕದ ಮನೆಯ ಅಕ್ಕ ನಮ್ಮ ಮನೆಯಲ್ಲಿ ಸಲೀಸಾಗಿ ಓಡಾಡುವವರು, ಡೈರಿ ಮೇಜಿನ ಮೇಲೇ ಬಿದ್ದಿರುತ್ತಿತ್ತು, ಎಲ್ಲಿ ಕಣ್ಣಿಗೆ ಬಿದ್ದೀತೋ ಎಂಬ ಭಯ. ಆ ಹೊಸ ಪಾಸ್‌ವರ್ಡ್ ಇಟ್ಟದ್ದೇ ಅವರಿಗೆ ಸಿಗಬಾರದೆಂದು. ಈಗ ನೋಡಿ, ನನಗೂ ಸಿಗುತ್ತಿಲ್ಲ.

ಅಕ್ಕ ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಬ್ರಹ್ಮಾವರದ ಕಡೆಯವರು. ಗಂಡ ದಾದರಿನ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದು ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅದೂ ಎಷ್ಟು ತೆಳು ಎಂದರೆ ಅವರು ಒಗ್ಗರಣೆಗೆ ಸಾಸಿವೆ ಹಾಕಿದರೆ ನಮ್ಮ ಮನೆಯಲ್ಲಿ ಸಿಡಿದಂತೆ ಕೇಳಿಸುತ್ತಿತ್ತು.

ಆಗ ನಮ್ಮ ಬಿಲ್ಡಿಂಗಿಗೆ ಮುನಿಸಿಪಾಲಿಟಿಯ ನೀರು ಬೆಳಗ್ಗೆ ಐದು ನಲವತ್ತಕ್ಕೆ ಬಂದು ಮುಕ್ಕಾಲು ಗಂಟೆಯಲ್ಲಿ ಹೋಗಿಬಿಡುತ್ತಿತ್ತು. ಹಿಡಿದಿಟ್ಟುಕೊಂಡವರಿಗೆ ಉಂಟು, ಇಲ್ಲದವರಿಗೆ ಇಲ್ಲ. ನನ್ನದೋ ಒಮ್ಮೆ ಬಿದ್ದರೆ ಏಳದ ನಿದ್ದೆ. ನಾವು ಬಂದ ಮೊದಲ ವಾರವೇ ಎರಡು ದಿನ ನೀರು ತಪ್ಪಿ, ನಾನು ಖಾಲಿ ಕೊಡ ಹಿಡಿದು ಜಿನೆಯ ಮೆಟ್ಟಿಲ ಮೇಲೆ ಅಳುಮೋರೆ ಹಾಕಿಕೊಂಡು ನಿಂತದ್ದನ್ನು ಅಕ್ಕ ನೋಡಿದರು. ಮರುದಿನದಿಂದ ಐದೂ ಮೂವತ್ತೈದಕ್ಕೆ ಗೋಡೆಗೆ ಮೂರು ಪೆಟ್ಟು, ಟಕ್ ಟಕ್ ಟಕ್. ನಾನು ಎದ್ದು ತಿರುಗಿ ಮೂರು ಪೆಟ್ಟು ಕೊಡುವ ತನಕ ಬಿಡುತ್ತಿರಲಿಲ್ಲ. ಹಬ್ಬವಿರಲಿ, ಜ್ವರವಿರಲಿ, ಅವರ ಗಂಡ ಹೋದ ಮಾರನೆಯ ದಿನವಿರಲಿ, ಆ ಪೆಟ್ಟು ತಪ್ಪಿದ್ದು ನನಗೆ ನೆನಪಿಲ್ಲ. ಇಪ್ಪತ್ತು ವರ್ಷ ನಮ್ಮ ಮನೆಯ ಕೊಡ ತುಂಬಿದ್ದು ಆ ಪೆಟ್ಟಿನಿಂದ.

ವೈಫೈ ಹಾಕಿಸಿದ ದಿನವೂ ಅವರು ನಮ್ಮ ಹೊಸ್ತಿಲ ಹತ್ತಿರ ಕೂತು ಹರಿವೆ ಸೊಪ್ಪು ಬಿಡಿಸುತ್ತಿದ್ದರು. ಹಾಕಲು ಬಂದವರು ವಿಜಾಪುರದ ಕಡೆಯ ಒಬ್ಬ ನಡುವಯಸ್ಸಿನ ಮನುಷ್ಯ. ಪಾಸ್‌ವರ್ಡ್ ಏನಿಡಲಿ, ಕಡಿಮೆಯೆಂದರೂ ಎಂಟು ಅಕ್ಷರ ಬೇಕು, ಅಂಕಿಯೂ ಇರಬೇಕು ಎಂದರು. ನಾನು ತಡಬಡಾಯಿಸಿದೆ. ಅಕ್ಕ ಸೊಪ್ಪಿನಿಂದ ಕಣ್ಣೆತ್ತದೆ ಹೇಳಿದರು: "ಇಬ್ಬರಿಗೂ ಮರೆಯದ್ದು ಇಡಿ ಟೀಚರ್ರೇ. ನೀರು, ಐದು ನಲ್ವತ್ತು. ಅದಕ್ಕಿಂತ ಎಂತ ಬೇಕು?" ನಾವೆಲ್ಲ ನಕ್ಕೆವು. ಇಂಗ್ಲಿಷ್ ಅಕ್ಷರಗಳಲ್ಲಿ ನೀರು ಎಂದು ಬರೆದು, ಮುಂದೆ ಐದು, ನಾಲ್ಕು, ಸೊನ್ನೆ. ಎಣಿಸಿದರೆ ಸರಿಯಾಗಿ ಎಂಟು.

ಸ್ವಲ್ಪ ದಿನದ ಮೇಲೆ ಅಕ್ಕನ ಅಳಿಯನೊಬ್ಬ, ನಾದಿನಿಯ ಮಗ, ಕಾಂದಿವಲಿಯಿಂದ ಬಂದು ತಾನು ಬಳಸಿ ಬಿಟ್ಟ ಟ್ಯಾಬನ್ನು ಅವರಿಗೆ ಕೊಟ್ಟುಹೋದ. ಅದಕ್ಕೆ ಸಿಮ್ ಹಾಕುವ ಜಾಗವೇ ಇರಲಿಲ್ಲ. ಅಕ್ಕ ಸಂಕೋಚದಿಂದ ಬಾಗಿಲಲ್ಲಿ ನಿಂತು, ಮಧ್ಯಾಹ್ನ ಒಂದು ಗಂಟೆಗೆ ಸ್ವಲ್ಪ ಹೊತ್ತು ನಿಮ್ಮ ನೆಟ್ ಬಳಸಲೇ ಎಂದು ಕೇಳಿದರು. ನಾನೇ ಕೈಯಾರೆ ಪಾಸ್‌ವರ್ಡ್ ಒತ್ತಿಕೊಟ್ಟೆ. ಏನು ನೋಡುತ್ತೀರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದು ಗಂಟೆಗೆ ಗೋಡೆಯಾಚೆ ಅವರ ನಗು ಮಾತ್ರ ಕೇಳುತ್ತಿತ್ತು. ಮಾತಿಲ್ಲ, ಕತೆಯಿಲ್ಲ, ಬರೀ ನಗು. ಯಾವುದೋ ಹಾಸ್ಯದ ವಿಡಿಯೋ ಇರಬೇಕು, ಮುದುಕಿಗೆ ಒಳ್ಳೆ ಹುಚ್ಚು ಹಿಡಿದಿದೆ ಎಂದುಕೊಂಡೆ.

ಆಮೇಲೆ ಲಾಕ್‌ಡೌನ್ ಬಂತು. ಶಾಲೆ ನಮ್ಮ ಅಡುಗೆಮನೆಗೆ ಬಂತು. ನನ್ನ ತರಗತಿಯೂ ಒಂದು ಗಂಟೆಗೇ. ಲ್ಯಾಪ್‌ಟಾಪ್ ಎದುರು ಕೂತು, ಒಂದೇ ಫೋನಿಗೆ ಮೂರು ಮೂರು ತಲೆ ಜೋಡಿಸಿಕೊಂಡು ಕೂತ ಮಕ್ಕಳಿಗೆ ಪಾಠ ಕೂಗುತ್ತಿದ್ದೆ. ನೆಟ್ ಸಿಕ್ಕಿಕೊಳ್ಳುತ್ತಿತ್ತು, ಬಿಡುತ್ತಿತ್ತು. ಒಂದು ದಿನ ಮೇಲಧಿಕಾರಿಗಳೂ ತರಗತಿ ನೋಡಲು ಆನ್‌ಲೈನಿನಲ್ಲಿ ಬಂದು ಕೂತಿದ್ದರು. ನಾನು "ಮಕ್ಕಳೇ" ಎಂದು ಬಾಯಿ ತೆರೆದದ್ದೇ ತಡ, ಎಲ್ಲರ ಪರದೆಯ ಮೇಲೂ ಹಾಗೇ ನಿಂತುಬಿಟ್ಟೆನಂತೆ, ಬಾಯಿ ಬಿಟ್ಟುಕೊಂಡು, ಮೂರು ನಿಮಿಷ. ಮಕ್ಕಳು ನಕ್ಕರಂತೆ. ಅಧಿಕಾರಿಗಳು ಎದ್ದು ಹೋದರಂತೆ. ಅದೇ ಹೊತ್ತಿಗೆ ಗೋಡೆಯಾಚೆ ಅಕ್ಕನೂ ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಇವರ ಹಾಸ್ಯ ನೆಟ್ಟನ್ನೆಲ್ಲ ತಿಂದು ನನ್ನ ಮರ್ಯಾದೆ ಹೋಗಬೇಕೇ? ಅದೇ ಸಂಜೆ ಪಾಸ್‌ವರ್ಡ್ ಬದಲಿಸಿದೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಇಟ್ಟೆ. ಅದು ಏನು ಎಂದು ಎಷ್ಟು ತಲೆ ಕೆರೆದುಕೊಂಡರೂ ಈಗ ಹೊಳೆಯುತ್ತಿಲ್ಲ…

ಮರುದಿನ ಮಧ್ಯಾಹ್ನ ಅಕ್ಕ ಬಾಗಿಲಿಗೆ ಬಂದರು, ಟ್ಯಾಬನ್ನು ಎದೆಗವಚಿಕೊಂಡು. "ನೆಟ್ ಬರುದಿಲ್ಲ ಟೀಚರ್ರೇ. ನಿಮಗೆ ಬರ್ತದಾ?"

"ಇಲ್ರೀ ಅಕ್ಕಾ, ನಮ್ಮದೂ ಬಂದಿಲ್ಲ" ಎಂದೆ.

ಒಂದು ಕ್ಷಣವೂ ತಡವರಿಸಲಿಲ್ಲ. ಮಕ್ಕಳು ಸುಳ್ಳು ಹೇಳಿದರೆ ಕಿವಿ ಹಿಂಡುತ್ತಿದ್ದ ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು! ಅವರು "ಹೌದಾ" ಎಂದು ತಿರುಗಿದರು. ಅವರು ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆ ನಾನು ಲ್ಯಾಪ್‌ಟಾಪ್ ತೆರೆದು, "ಮಕ್ಕಳೇ, ಎಲ್ಲರೂ ಬಂದಿರಾ?" ಎಂದು ಕೂಗಿದೆ. ಗೋಡೆ ಎಷ್ಟು ತೆಳು ಎಂಬುದು ಆಗ ನನ್ನ ತಲೆಗೆ ಹೋಗಲೇ ಇಲ್ಲ. ಅಕ್ಕ ಮತ್ತೆ ಕೇಳಲು ಬರಲಿಲ್ಲ. ಒಂದು ಗಂಟೆಯ ನಗುವೂ ನಿಂತಿತು. ಬೆಳಗಿನ ಮೂರು ಪೆಟ್ಟು ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ನಾನೂ ತಿರುಗಿ ಬಡಿದು ನೀರು ಹಿಡಿದುಕೊಳ್ಳುತ್ತಿದ್ದೆ, ನಾಚಿಕೆಯಿಲ್ಲದೆ.

ಎರಡು ತಿಂಗಳಾಗಿರಬೇಕು. ಒಂದು ಬೆಳಗ್ಗೆ ಗೋಡೆಯಾಚೆ ಅಳು ಕೇಳಿ ಓಡಿದೆ. ಅಕ್ಕ ನೆಲದ ಮೇಲೆ ಕೂತಿದ್ದರು, ಪಕ್ಕದಲ್ಲಿ ಗುಂಡಿಯ ಫೋನು. "ನನ್ನ ತಂಗಿ ಹೋದ್ಲು ಟೀಚರ್ರೇ" ಎಂದರು. ಅವರಿಗೊಬ್ಬ ತಂಗಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಊರಲ್ಲಿ ತಮ್ಮನ ಮನೆಯಲ್ಲಿದ್ದಳಂತೆ. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅಂಥವಳಿಗೆ ಫೋನಿನಲ್ಲಿ ಏನು ಹೇಳುವುದು, ಏನು ಕೇಳುವುದು? ಚಿಕ್ಕಂದಿನಲ್ಲಿ ಅಕ್ಕತಂಗಿಯರಿಬ್ಬರೇ ಕಟ್ಟಿಕೊಂಡ ಕೈಸನ್ನೆಗಳು ಮನೆಯ ಬೇರೆ ಯಾರಿಗೂ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಟ್ಯಾಬ್ ಬಂದ ಮೇಲೆ ದಿನಾ ಒಂದು ಗಂಟೆಗೆ ತಮ್ಮನ ಫೋನಿಗೆ ವಿಡಿಯೋ ಕಾಲ್ ಮಾಡಿ ಇಬ್ಬರೂ ಕೈಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಗೋಡೆಯಾಚೆ ನನಗೆ ಕೇಳಿಸಿದ ನಗು ಅದು.

"ಮೊದಲು ಇದೇ ಕೇಳುದು ಅವಳು" ಎಂದು ಅಕ್ಕ ಎಡಗೈಯನ್ನು ಕೊಡದಂತೆ ಬಾಗಿಸಿ, ಬಲಗೈ ಬೆರಳುಗಳನ್ನು ಅದರ ಮೇಲೆ ಸುರಿದಂತೆ ಆಡಿಸಿದರು. ನೀರು ಬಂತಾ ಎಂದು. ಮುಂಬಯಿಯಲ್ಲಿ ಅಕ್ಕ ನೀರಿಗಾಗಿ ಬೇಗ ಏಳಬೇಕು ಎಂಬುದೊಂದೇ ಅವಳ ಚಿಂತೆಯಂತೆ. ಕರೆ ನಿಂತ ಮೇಲೂ ಸರಿಯಾಗಿ ಒಂದು ಗಂಟೆಗೆ ತಮ್ಮನ ಫೋನನ್ನು ಎದುರಿಟ್ಟುಕೊಂಡು ಕೂರುತ್ತಿದ್ದಳಂತೆ. ಅಕ್ಕನ ಕಡೆ ನೆಟ್ ಇಲ್ಲ ಎಂದು ಅವಳಿಗೆ ತಿಳಿಸಿ ಹೇಳಲು ಯಾರಿಗೂ ಬರಲಿಲ್ಲವಂತೆ… ರೈಲಿಲ್ಲ, ಬಸ್ಸಿಲ್ಲ, ಅಕ್ಕ ಹೋಗುವಂತಿರಲಿಲ್ಲ. ನನ್ನ ಕೈಯಲ್ಲಿ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಚಹಾ ಮಾಡಿಕೊಟ್ಟೆ. ಅವರು ಕುಡಿದರು. ಪಾಸ್‌ವರ್ಡಿನ ವಿಷಯ ಹೇಳಿಬಿಡಬೇಕು ಎಂದುಕೊಂಡವಳು ಲೋಟ ತೊಳೆದಿಟ್ಟು ಮನೆಗೆ ಬಂದೆ. ನನ್ನಂಥ ಹೇಡಿಯನ್ನು ನಾನು ನೋಡಿಲ್ಲ.

ಮರುವರ್ಷ ಮಂಡಿನೋವು ಹೆಚ್ಚಾಗಿ ಜಿನೆ ಹತ್ತಲಾಗದೆ ಅಕ್ಕ ಅಳಿಯನ ಮನೆಗೆ ಹೊರಟರು. ಹೋಗುವ ದಿನ ಟ್ಯಾಬನ್ನು ಸೀರೆಯ ತುಂಡಿನಲ್ಲಿ ಸುತ್ತಿ ತಂದು ಕೊಟ್ಟರು. ನನಗೆ ಇನ್ನು ನೋಡಲಿಕ್ಕೆ ಯಾರಿದ್ದಾರೆ, ನಿಮ್ಮ ಶಾಲೆಯ ಯಾವುದಾದರೂ ಮಗುವಿಗೆ ಕೊಡಿ ಎಂದರು. ಆಮೇಲೆ ಮೆಟ್ಟಿಲಿಳಿಯುತ್ತ, ತಿರುಗಿ ಸಹ ನೋಡದೆ ಅಂದರು: "ಆಗ ನಿಮ್ಮ ಪಾಠ ನಂಗೆ ಕೇಳ್ತಿತ್ತು ಟೀಚರ್ರೇ. ಮಕ್ಕಳಿಗೆ ತೊಂದ್ರೆ ಆಗುದು ಬೇಡ ಅಂತ ನಾನೂ ಸುಮ್ಮನಾದೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರ ದನಿಯಲ್ಲಿ ಎಳ್ಳಷ್ಟೂ ಸಿಟ್ಟಿರಲಿಲ್ಲ. ಕಾಂದಿವಲಿ ಎಂದರೆ ಮಲಾಡಿನ ಮುಂದಿನ ಸ್ಟೇಷನ್ನು, ಲೋಕಲ್ ಹತ್ತಿದರೆ ಐದು ನಿಮಿಷ. ಹೋಗಿ ಕಾಲು ಹಿಡಿಯಬೇಕು, ಈ ಭಾನುವಾರ, ಮುಂದಿನ ಭಾನುವಾರ ಎಂದುಕೊಳ್ಳುತ್ತಲೇ ಒಂದು ವರ್ಷ ಹೋಯಿತು. ಅವರು ತೀರಿಕೊಂಡದ್ದು ನನಗೆ ಗೊತ್ತಾಗುವಾಗ ಹದಿಮೂರನೆಯ ದಿನವೂ ಮುಗಿದಿತ್ತು. ಟ್ಯಾಬನ್ನು ಯಾವ ಮಗುವಿಗೂ ಕೊಡಲಿಲ್ಲ. ಕೊಡಲು ಕೈ ಬರಲಿಲ್ಲ, ಇಟ್ಟುಕೊಂಡು ನೋಡಲು ಧೈರ್ಯವೂ ಬರಲಿಲ್ಲ.

ಇವತ್ತು ಕರೆ ಮಾಡಿದ್ದಕ್ಕೆ ವೈಫೈಯವರು ಬಂದರು, ಅದೇ ವಿಜಾಪುರದವರು, ತಲೆ ಪೂರ್ತಿ ನೆರೆತಿದೆ. ಪಾಸ್‌ವರ್ಡ್ ಉಳಿದಿರುವ ಬೇರೆ ಯಾವುದಾದರೂ ಸಾಧನ ಇದ್ದರೆ ಅದರಿಂದ ತೆಗೆಯಬಹುದು ಎಂದರು. ಟ್ಯಾಬನ್ನು ಚಾರ್ಜಿಗೆ ಹಾಕಿದೆ. ಬಹಳ ಹೊತ್ತಿನ ಮೇಲೆ ಅದು ಕಣ್ಣು ಬಿಟ್ಟಿತು. ನಮ್ಮ ವೈಫೈಯ ಹೆಸರನ್ನು ಗುರುತು ಹಿಡಿದು ಸೇರಲು ನೋಡಿತು, ಆಗಲಿಲ್ಲ. ಮತ್ತೆ ನೋಡಿತು, ಮತ್ತೆ ಆಗಲಿಲ್ಲ. ಅವರು, "ಇದರಾಗ ಹಳೇದ ಐತ್ರಿ ಮೇಡಂ, ಹೊಸಾದ ಇಲ್ಲ. ರೀಸೆಟ್ ಮಾಡೂದೊಂದ ದಾರಿ" ಎಂದು ಡಬ್ಬಿಯ ಹಿಂದಿನ ತೂತಿಗೆ ಪಿನ್ನು ಚುಚ್ಚಿದರು. ಹೆಸರು ಹಳೆಯದೇ ಇರಲಿ ಎಂದೆ. ಪಾಸ್‌ವರ್ಡ್ ಏನಿಡಲಿ ಎಂದು ಕೇಳಿದರು. ಈ ಸಲ ತಡಬಡಾಯಿಸಲಿಲ್ಲ.

"ನೀರು, ಐದು ನಾಲ್ಕು ಸೊನ್ನಿ."

ನನ್ನ ಹೊಸ ಫೋನನ್ನು ಕೈಗೆತ್ತಿಕೊಳ್ಳುವ ಮೊದಲೇ ಮೇಜಿನ ಮೇಲಿದ್ದ ಟ್ಯಾಬ್ ಸದ್ದು ಮಾಡಿತು. ಯಾರನ್ನೂ ಕೇಳದೆ ತಾನಾಗಿಯೇ ಸೇರಿಕೊಂಡಿತ್ತು. ವೈಫೈಯವರು ಹೊರಟ ಮೇಲೆ, ಅಕ್ಕ ವಿಡಿಯೋ ಕಾಲಿಗೆ ಬಳಸುತ್ತಿದ್ದ ಗುರುತನ್ನು ಒತ್ತಿದೆ. ಅವರ ನಂಬರಿಗೆ ಕಳಿಸುವ ಕೋಡ್ ಹಾಕಿ ಎಂದು ಬಂತು. ಆ ನಂಬರು ಈಗ ಯಾರ ಹತ್ತಿರ ಇದೆಯೋ. ಇದ್ದರೂ, ಆ ಕಡೆ ಫೋನು ಎದುರಿಟ್ಟುಕೊಂಡು ಕೂರಲು ಯಾರಿದ್ದಾರೆ?

ಈಗ ಟೆರೇಸಿನಲ್ಲಿ ನೀರಿನ ದೊಡ್ಡ ಟಾಕಿ ಬಂದಿದೆ. ಹಗಲೆಲ್ಲ ನೀರು. ಐದು ನಲವತ್ತಕ್ಕೆ ಯಾರೂ ಏಳುವುದಿಲ್ಲ. ಗಡಿಯಾರದಲ್ಲಿ ಒಂದು ಗಂಟೆಯಾಗುತ್ತಿತ್ತು. ಯಾಕೆ ಎಂದು ಗೊತ್ತಿಲ್ಲ, ಎದ್ದು ಹೋಗಿ ಗೋಡೆಗೆ ಬಡಿದೆ, ಮೂರು ಸಲ. ಆಚೆ ಯಾರೋ ಪಾತ್ರೆ ಇಟ್ಟ ಸದ್ದಾಯಿತು. ಹೊಸ ಬಾಡಿಗೆಯವರ ಸೊಸೆ ಗೋಡೆಯ ಹತ್ತಿರ ಬಂದು ಕೇಳಿದಳು: "ಕ್ಯಾ ಹುವಾ ಆಂಟಿ?"

ನೆಟ್ ಬಂತು ಅಕ್ಕಾ ಎಂದು ಹೇಳಬೇಕಿತ್ತು.

"ಕುಛ್ ನಹೀಂ" ಎಂದೆ.