ಕುಬಸದ ದಿನದ ನೀಲಿ ಪಾನಕ

ನೇರಳೆ ಬಣ್ಣದ ಪಾನಕ ತುಂಬಿದ ಗ್ಲಾಸನ್ನು ನಮ್ಮ ವೈನಿ ತುಟಿಯ ತನಕ ಒಯ್ದು, ನಗು ತಡೆಯಲಾರದೆ ಮತ್ತೆ ಕೆಳಗಿಳಿಸಿದ ಆ ಗಳಿಗೆಯನ್ನು ನಾನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ನೋಡಿದ್ದೇನೋ ಹೇಳಲಾರೆ. ವೈನಿ ಎಂದರೆ ನಮ್ಮಣ್ಣನ ಹೆಂಡತಿ. ಆಗ ಅವಳಿಗೆ ಏಳು ತಿಂಗಳು ತುಂಬಿತ್ತು. ಆ ಗ್ಲಾಸಿನಲ್ಲಿ ವಿಷವಿತ್ತು. ಹಾಕಿದವರು ಅವಳ ಮೇಲೆ ಜೀವ ಇಟ್ಟವರೇ. ಆ ದಿನವನ್ನು ನೆನೆದರೆ ಎದೆ ಧಸಕ್ಕೆನ್ನುತ್ತದೆ, ಮರುಕ್ಷಣವೇ ನಗುವೂ ಬರುತ್ತದೆ. ಕೆಲವು ದಿನ ನಗುವೇ ಮೊದಲು ಬರುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ವಿಜಾಪುರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ರಜೆಗೆ ಸಿಂದಗಿಗೆ ಬಂದಾಗ ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಮನೆಯವರ ಮೇಲೆ ಪ್ರಯೋಗಿಸುವ ಚಟ ನನಗಿತ್ತು. ಲಿಟ್ಮಸ್ ಕಾಗದ ಹುಳಿಗೆ ಕೆಂಪಾಗುತ್ತದೆ, ಸೋಡಾಕ್ಕೆ ನೀಲಿಯಾಗುತ್ತದೆ ಎಂದು ಕಲಿಸಿದ ಮೇಷ್ಟರು, ಕೆಲವು ಹೂಗಳ ರಸಕ್ಕೂ ಈ ಗುಣವುಂಟು ಎಂದಿದ್ದರು. ನಮ್ಮ ಹಿತ್ತಲ ಬೇಲಿಯ ತುಂಬ ಶಂಖಪುಷ್ಪದ ಬಳ್ಳಿ ಹಬ್ಬಿತ್ತು. ದಟ್ಟ ನೀಲಿ ಹೂ, ಒಳಗೆ ಸ್ವಲ್ಪ ಹಳದಿ. ನಾಲ್ಕು ಹೂ ಕಿತ್ತು ಬಿಸಿನೀರಿಗೆ ಹಾಕಿದೆ. ನೀರು ಬಟ್ಟೆಗೆ ಹಾಕುವ ನೀಲಿಯಂತಾಯಿತು. ಲಿಂಬೆಹಣ್ಣು ಹಿಂಡಿದೆ. ನೀಲಿಯೊಳಗೆ ನೇರಳೆ ಎಳೆ ಎಳೆಯಾಗಿ ಇಳಿಯಿತು. ಇನ್ನೊಂದು ಬಟ್ಟಲಿಗೆ ಚಿಟಿಕೆ ಅಡಿಗೆ ಸೋಡಾ ಹಾಕಿದರೆ ಅದು ಹಸಿರಾಯಿತು. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ಬಿಟ್ಟು ಬಂದಳು. ತವೆಯ ಮೇಲಿನ ರೊಟ್ಟಿ ಹೊತ್ತಿತು.

"ಇದನ್ನ ಕಲಿಸಾಕ ಅಷ್ಟ ದೂರ ಕಳಿಸೇವೇನು ನಿನ್ನ?" ಎಂದಳು. ಆದರೆ ಮರುದಿನ ತಾನೇ ಪಕ್ಕದ ಮನೆಯವರನ್ನು ಕರೆದು ತೋರಿಸಿದಳು.

ಸಕ್ಕರೆ ಹಾಕಿ, ಒಂದು ಏಲಕ್ಕಿ ಜಜ್ಜಿ, ಮಣ್ಣಿನ ಗಡಿಗೆಯಲ್ಲಿ ತಣ್ಣಗೆ ಮಾಡಿದರೆ ಅದು ಒಳ್ಳೆಯ ಪಾನಕವೇ ಆಗುತ್ತಿತ್ತು. ಹೂವಿಗೆ ಹೇಳಿಕೊಳ್ಳುವಂಥ ರುಚಿಯಿಲ್ಲ, ರುಚಿಯೆಲ್ಲ ಲಿಂಬೆಯದು. ಆದರೂ ಕಣ್ಣೆದುರು ಬಣ್ಣ ಬದಲಾದದ್ದನ್ನು ಕುಡಿಯುವ ಸುಖವೇ ಬೇರೆ. ಸ್ಟೀಲಿನ ಲೋಟದಲ್ಲಿ ಅದು ಕಾಣುವುದಿಲ್ಲ, ಗಾಜಿನದೇ ಬೇಕು. ಆ ಬೇಸಿಗೆಯಿಡೀ ನಾನು ಹೂಗಳನ್ನು ಮೊರದಲ್ಲಿ ಹರವಿ, ನೆರಳಿನಲ್ಲಿ ಒಣಗಿಸಿ, ಡಬ್ಬಿಯಲ್ಲಿ ತುಂಬಿಟ್ಟೆ. ವೈನಿಗಂತೂ ಅದರ ಹುಚ್ಚು ಹಿಡಿಯಿತು. ತನ್ನ ಕುಬಸಕ್ಕೆ ಬಂದ ಹೆಂಗಸರಿಗೆಲ್ಲ ಚಹಾ ಬೇಡ, ಇದನ್ನೇ ಕೊಡೋಣ ಎಂದಳು. ಕುಬಸವೆಂದರೆ ನಮ್ಮ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಅವಳು ಬಯಸಿದ್ದನ್ನು ತಿನ್ನಿಸುವ ಹಬ್ಬ. ಬಯಸಿದವಳು ಅವಳೇ ಆದ್ದರಿಂದ ಯಾರೂ ಬೇಡವೆನ್ನಲಿಲ್ಲ.

ಬೇಡವೆಂದವಳು ಒಬ್ಬಳೇ, ಅತ್ತಿ. ಅಪ್ಪನ ಅಕ್ಕ ಅವಳು. ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಯೇ ಇದ್ದಳು. ಅವಳ ಪೂಜೆಯ ಕಟ್ಟುನಿಟ್ಟು ಓಣಿಗೆಲ್ಲ ಗೊತ್ತಿತ್ತು. ಬೆಳಕು ಹರಿಯುವ ಮೊದಲೇ ಎದ್ದು, ಯಾರೊಡನೆಯೂ ಮಾತಾಡದೆ, ಕತ್ತಲಲ್ಲಿ ಕೈಯಿಂದ ತಡವಿ ಹೂ ಹರಿಯುವಳು. ಬುಟ್ಟಿಯಲ್ಲಿ ತುಂಬಿ, ಮೇಲೆ ಹಸಿ ಅರಿವೆ ಹೊಚ್ಚಿ, ದೇವರ ಕೋಣೆಯ ಹೊರಗಿನ ಗೂಡಿನಲ್ಲಿ ಇಡುವಳು. ಅದನ್ನು ನಾವು ಯಾರೂ ಮುಟ್ಟುತ್ತಿರಲಿಲ್ಲ. ಅದರೊಳಗೆ ಏನೇನಿದೆ ಎಂದು ನೋಡಿದವರೂ ಇರಲಿಲ್ಲ.

"ದೇವರಿಗೆ ಏರ್ಸೋ ಹೂವು ಕುದಿಸಿ ಕುಡಿತೀರಿ. ನಾಳಿ ಪತ್ರಿದು ಪಲ್ಯ ಮಾಡ್ರಿ," ಎಂದು ಗೊಣಗುತ್ತಿದ್ದಳು. ಒಂದು ಗುಟುಕನ್ನೂ ಅವಳು ಬಾಯಿಗೆ ಹಾಕಿರಲಿಲ್ಲ.

ಕುಬಸದ ಹಿಂದಿನ ದಿನ ಇಂಡಿಯಿಂದ ಚಿಗವ್ವ ಬಂದಳು. ಅವ್ವನ ತಂಗಿ. ಬಸ್ಸಿನಿಂದ ಇಳಿಯುವಾಗಲೇ ಅವಳ ಚೀಲದ ಲಿಂಬೆಹಣ್ಣಿನ ವಾಸನೆ ಅವಳಿಗಿಂತ ಮೊದಲು ಇಳಿಯಿತು. ಇಂಡಿಯ ಲಿಂಬೆಯ ಬಗ್ಗೆ ಅವಳಿಗಿದ್ದ ಹೆಮ್ಮೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಬಗ್ಗೆಯೂ ಇರಲಿಲ್ಲ.

"ನಿಮ್ಮ ಸಿಂದಗಿ ಲಿಂಬಿಹಣ್ಣು ಹಿಂಡಿದ್ರ ಬೀಜ ಬರ್ತಾವ, ರಸ ಬರಾಂಗಿಲ್ಲ," ಎಂದು ಚೀಲ ಕೆಳಗಿಟ್ಟಳು. "ಇವನ್ನ ಹಿಂಡ್ರಿ. ಬಣ್ಣ ಹೆಂಗ ಹಾರ್ತೈತಿ ನೋಡ್ರಿ."

"ಬಂದಾಕಿ ಮೊದಲ ನೀರರ ಕುಡಿ," ಎಂದಳು ಅವ್ವ.

ಕುಬಸದ ದಿನ ಮುಂಜಾನೆ ಮನೆ ಸಂತೆಯಾಯಿತು. ತಾಳಿಕೋಟೆಯಿಂದ ವೈನಿಯ ತವರಿನವರು ಬಂದಿಳಿದರು. ಬಚ್ಚಲ ಮುಂದೆ ಪಾಳಿ ಹತ್ತಿತು. ಅತ್ತಿಯ ಸ್ನಾನ ತಡವಾಯಿತು, ಸ್ನಾನವಾಗದೆ ಪೂಜೆಯಿಲ್ಲ. ಹೂವಿನ ಬುಟ್ಟಿ ಗೂಡಿನಲ್ಲಿ ಹಾಗೆಯೇ ಕುಳಿತಿತ್ತು. ನಾನು ಓಣಿಯ ಚಹಾದಂಗಡಿಯಿಂದ ಗಾಜಿನ ಗ್ಲಾಸುಗಳನ್ನು ಕಡ ತರಲು ಹೋಗಿದ್ದೆ. ಗಡಿಗೆಯ ಪಾನಕವನ್ನು ಚಿಗವ್ವನಿಗೆ ಒಪ್ಪಿಸಿದ್ದೆ. ತವರಿನವರು ನೆನೆಸಿದ್ದಕ್ಕಿಂತ ಹೆಚ್ಚು ಮಂದಿ ಬಂದದ್ದರಿಂದ ಚಿಗವ್ವ ನೀರು ಹೆಚ್ಚಿಸಿದಳು, ಬಣ್ಣ ತೆಳುವಾಯಿತು. ನನ್ನ ಡಬ್ಬಿ ಎಲ್ಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಹೂ ಹುಡುಕುತ್ತ ಒಳಗೆ ಹೋದವಳಿಗೆ ಗೂಡಿನಲ್ಲಿ ಬುಟ್ಟಿ ಕಂಡಿತು. ಅರಿವೆ ಸರಿಸಿದರೆ ಮೇಲೆಲ್ಲ ಶಂಖಪುಷ್ಪ.

ಇಂಡಿಯಲ್ಲಿ ಅವರ ಮನೆಯ ಪದ್ಧತಿ ಬೇರೆ. ದೇವರ ಹೂ ಹಿತ್ತಾಳೆಯ ತಾಟಿನಲ್ಲಿ ದೇವರ ಮುಂದೆಯೇ ಇರುತ್ತದೆ. ಹಸಿ ಅರಿವೆ ಹೊಚ್ಚಿ ಬುಟ್ಟಿಯಲ್ಲಿಟ್ಟದ್ದು ಮುಡಿಯಲಿಕ್ಕೆ, ಮಾಲೆ ಕಟ್ಟಲಿಕ್ಕೆ. ಚಿಗವ್ವ ಬುಟ್ಟಿಯನ್ನು ಹಾಗೆಯೇ ಒಂದು ತೆಳು ಅರಿವೆಯ ಮೇಲೆ ಮಗುಚಿ, ಕಷಾಯದ ಸಾಮಾನು ಕಟ್ಟುವಂತೆ ಗಂಟು ಕಟ್ಟಿ, ಸಣ್ಣ ಪಾತ್ರೆಯಲ್ಲಿ ಕುದಿಸಿದಳು. ಆ ದಟ್ಟ ನೀಲಿಯನ್ನು ಗಡಿಗೆಗೆ ಸುರಿದಳು. ಗಂಟನ್ನು ಹಿತ್ತಲ ಮೂಲೆಗೆ ಎಸೆದಳು. ಸಕ್ಕರೆ ಸಾಕೋ ಇಲ್ಲವೋ ಎಂದು ಅಂಗೈಗೆ ಹಾಕಿಕೊಂಡು ಒಂದು ಗುಟುಕು ನೆಕ್ಕಿದಳು. ನಾನು ಗ್ಲಾಸು ಹೊತ್ತು ಬಂದಾಗ ಗಡಿಗೆ ಹಿಂದೆಂದೂ ಕಾಣದಂಥ ನೀಲಿಯಾಗಿತ್ತು. "ಚಿಗವ್ವ, ಛಲೋ ಆಗೇತಿ," ಎಂದೆ.

ಪಡಸಾಲೆಯಲ್ಲಿ ವೈನಿಯನ್ನು ಮಣೆಯ ಮೇಲೆ ಕೂರಿಸಿದ್ದರು. ಹಸಿರು ಇಳಕಲ್ ಸೀರೆ, ಮೊಣಕೈ ತನಕ ಹಸಿರು ಬಳೆ. ಸುತ್ತಲೂ ಹೆಂಗಸರು. ಮೊದಲ ಗ್ಲಾಸು ಬಸುರಿಗೆ. ನಾನು ನೀಲಿಯನ್ನು ತುಂಬಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಚಿಗವ್ವನ ಲಿಂಬೆ ಹಿಂಡಿದೆ. ನೇರಳೆ ಹರಡಿತು. ಮುದುಕಿಯರು ಕೂಡ ಮುಂದೆ ಬಾಗಿದರು. ಒಬ್ಬಳು, "ಗಂಡ ಹುಟ್ಟಿದ್ರ ನೀಲಿ, ಹೆಣ್ಣ ಹುಟ್ಟಿದ್ರ ಇದ ಬಣ್ಣೇನು?" ಎಂದಳು. ವೈನಿ ಗ್ಲಾಸು ತೆಗೆದುಕೊಂಡು ತುಟಿಗೆ ಒಯ್ದಳು.

ಅಷ್ಟರಲ್ಲಿ ಅತ್ತಿ ಬಂದಳು. ಆಗಷ್ಟೇ ಸ್ನಾನ ಮಾಡಿದ್ದಳು, ಕೂದಲು ನೀರು ಸುರಿಸುತ್ತಿತ್ತು. ಕೈಯಲ್ಲಿ ಖಾಲಿ ಬುಟ್ಟಿ. ಅದರ ತಳಕ್ಕೆ ಎರಡು ಬಿಲ್ವಪತ್ರೆ ಅಂಟಿದ್ದವು.

"ನನ್ನ ಬುಟ್ಟಿ ಯಾರ ಮುಟ್ಟೀರಿ?"

"ಯಾವ ಬುಟ್ಟಿ ಅಕ್ಕಾರ?" ಎಂದಳು ಚಿಗವ್ವ. "ಗೂಡಿನ್ಯಾಗಿಂದೇನ್ರಿ? ಅದು ದೇವರದಂತ ನನಗೇನ ಗೊತ್ರಿ. ನಮ್ಮ ಇಂಡ್ಯಾಗ ದೇವರ ಹೂವು ತಾಟಿನ್ಯಾಗ ಇಡ್ತಾರ."

"ನಿಮ್ಮ ಇಂಡ್ಯಾಗ ದೇವರು ಊಟಕ್ಕ ಕುಂತಿರತಾನೇನು, ತಾಟಿನ್ಯಾಗ ಇಡಾಕ?"

ಪಡಸಾಲೆಯೆಲ್ಲ ನಕ್ಕಿತು. ವೈನಿಗೂ ನಗು ತಡೆಯಲಾಗಲಿಲ್ಲ. ತುಟಿಯ ತನಕ ಬಂದಿದ್ದ ಗ್ಲಾಸನ್ನು ಇಳಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಹೇಳಿದ ಗಳಿಗೆ ಇದೇ.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಹೂವು ಎಲ್ಲೂ ಹೋಗಿಲ್ಲ, ಈ ಗಡಿಗ್ಯಾಗ ಅದಾವ. ದೇವರಿಗೂ ಒಂದು ಗಿಲಾಸ ಇಟ್ರ ಆತು."

"ಎಲ್ಲಾ ಹಾಕಿದೇನು? ಒಂದರ ಉಳಿಸಬಾರದಾ?" ಅತ್ತಿಯ ದನಿಯಲ್ಲಿ ಅಳುವಿತ್ತು. ಪೂಜೆಗೆ ಒಂದೆಸಳೂ ಉಳಿದಿಲ್ಲವೆಂಬ ಸಂಕಟವಷ್ಟೇ ಅದು. "ಸೋಮಾರಂತ ಬಿಳಿ ಕಣಗಿಲಿನೂ ಹರಕೊಂಡು ಬಂದಿದ್ದೆ. ಅದನ್ನೂ ಬಿಡಲಿಲ್ಲಲ್ಲ."

ಕಣಗಿಲೆ. ಆ ಗಿಡವನ್ನು ದನವೂ ಮುಟ್ಟುವುದಿಲ್ಲವೆಂದು ಅಲ್ಲಿದ್ದ ಪ್ರತಿ ಹೆಂಗಸಿಗೂ ಗೊತ್ತಿತ್ತು. ಜೀವ ಬೇಡವಾದವರು ಅರೆದು ಕುಡಿಯುವುದು ಅದನ್ನೇ ಎಂಬುದೂ ಗೊತ್ತಿತ್ತು. ಅತ್ತಿಗೂ ಗೊತ್ತಿತ್ತು. ಆದರೆ ತನ್ನ ಮಾತಿನ ಅರ್ಥ ಅವಳಿಗೆ ಆಡಿ ಮುಗಿದ ಮೇಲೆ ತಿಳಿಯಿತು. ನಗು ನಿಂತಿತು. ಆಗಲೂ ವೈನಿಯ ಬಲಗೈ ಗ್ಲಾಸನ್ನು ಹಿಡಿದೇ ಇತ್ತು, ನಕ್ಕು ಒಣಗಿದ ಗಂಟಲಿಗಾಗಿ ಅದು ಮತ್ತೆ ಮೇಲೇಳುತ್ತಿತ್ತು. ನಾನು ಅವಳ ಮಣಿಕಟ್ಟನ್ನು ಹಿಡಿದು ಕೆಳಗೆ ಜಗ್ಗಿದೆ. ಬಳೆಗಳು ಒಡೆದವು. ಹಸಿರು ಸೀರೆಯ ಮೇಲೆ ನೇರಳೆ ಹರಿಯಿತು.

"ತುಟಿಗೆ ಹತ್ತೇತೇನು? ಒಳಗ ಹೋಗೇತೇನು?" ಎಂದು ಕೇಳಿದೆ.

"ಇಲ್ಲ," ಎಂದಳು. "ಬಳಿ ಯಾಕ ಒಡದಿ?"

ಅವ್ವ ಅವಳ ಬಾಯಿ ಒರೆಸಿ, ಮತ್ತೆ ಮತ್ತೆ ಮುಕ್ಕಳಿಸಲು ಹಚ್ಚಿದಳು. ನಾನು ಹಿತ್ತಲಿಗೆ ಓಡಿ ಆ ಗಂಟನ್ನು ಹುಡುಕಿ ಬಿಚ್ಚಿದೆ. ಶಂಖಪುಷ್ಪವನ್ನು ಕುದಿಸಿದರೆ ಬಣ್ಣವೆಲ್ಲ ನೀರಿಗೆ ಹೋಗಿ ಹೂ ಬಿಳಚಿಕೊಳ್ಳುತ್ತದೆ. ಗಂಟಿನಲ್ಲಿದ್ದ ಹೂವೆಲ್ಲ ಒಂದೇ ಬಿಳುಪು. ಯಾವುದು ಯಾವುದೆಂದು ಮೊದಲ ನೋಟಕ್ಕೆ ತಿಳಿಯಲಿಲ್ಲ. ಕಲ್ಲಿನ ಮೇಲೆ ಹರವಿ ಒಂದೊಂದಾಗಿ ಬಿಡಿಸಿದಾಗ ಐದೆಸಳಿನ ಕಣಗಿಲೆಗಳು ಬೇರೆಯಾದವು. ಒಂದು ಹಿಡಿಗೆ ಕಡಿಮೆಯಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಚಿಗವ್ವನ ದನಿ ಬಂತು. "ಯವ್ವಾ, ನಾ ಸಕ್ಕರಿ ನೋಡಾಕ ಒಂದ ಗುಟುಕು ನೆಕ್ಕೇನಿ."

ಮುಂದಿನದೆಲ್ಲ ಅವಳ ಸುತ್ತ ನಡೆಯಿತು. ಉಪ್ಪುನೀರು ಕುಡಿಸಬೇಕೋ ಬೇಡವೋ ಎಂದು ಎರಡು ಪಕ್ಷಗಳಾಗುವ ಹೊತ್ತಿಗೆ ಅಣ್ಣ ಸೈಕಲ್ಲಿನಲ್ಲಿ ಹೋಗಿ ಡಾಕ್ಟರನ್ನು ಕರೆತಂದ. ಅವರು ನಾಡಿ ಹಿಡಿದರು, ಎದೆ ಕೇಳಿದರು, ಸಂಜೆಯ ತನಕ ಮಲಗಿರಬೇಕು, ಏನೂ ತಿನ್ನಬಾರದು, ಹೊಟ್ಟೆ ತೊಳಸಿದರೆ ತಕ್ಷಣ ಹೇಳಿ ಕಳಿಸಿ ಎಂದು ಹೇಳಿದರು. ವೈನಿಯನ್ನೂ ನೋಡಿ, ಭಯವಿಲ್ಲ ಎಂದರು. ಅಣ್ಣ ದನಕರು ಬಾಯಿ ಹಾಕದ ಜಾಗದಲ್ಲಿ ಕುಣಿ ತೋಡಿ, ಗಡಿಗೆಯ ನೀಲಿಯನ್ನೆಲ್ಲ ಸುರಿದು ಮುಚ್ಚಿದ. ಗಡಿಗೆಯನ್ನೂ ಒಡೆದು ಅಲ್ಲಿಯೇ ಹುಗಿದ.

ಚಿಗವ್ವ ಪಡಸಾಲೆಯ ಮೂಲೆಯಲ್ಲಿ ಮಲಗಿದಳು. ಎದುರಿಗೇ ಕುಬಸದ ಪಂಕ್ತಿ ಕುಳಿತಿತು. ಹೋಳಿಗೆಯ ವಾಸನೆ ಅವಳ ಮೂಗಿಗೆ ನೇರವಾಗಿ ಹೋಗುತ್ತಿತ್ತು.

"ಕಟ್ಟಿನ ಸಾರಿಗೆ ಉಪ್ಪು ಕಡಿಮಿ ಆಗೇತಿ," ಎಂದಳು, ಮಲಗಿದಲ್ಲಿಂದಲೇ.

"ತಿನ್ನದ ಹೆಂಗ ಗೊತ್ತಾತು?" ಎಂದಳು ಅವ್ವ.

"ವಾಸನಿ ಬರಾಕತ್ತೇತಿ. ನಂದು ಹೊಟ್ಟಿ ಕೆಟ್ಟಿರಬಹುದು, ಮೂಗು ಕೆಟ್ಟಿಲ್ಲ."

ಊಟಕ್ಕೆ ಕುಳಿತವರು ನಗಬೇಕೋ ಬೇಡವೋ ತಿಳಿಯದೆ ನಕ್ಕರು. ಅತ್ತಿ ಮಾತ್ರ ನಗಲಿಲ್ಲ, ಊಟಕ್ಕೂ ಕೂರಲಿಲ್ಲ. ಚಿಗವ್ವನ ತಲೆಯ ಹತ್ತಿರ ಕುಳಿತು ಬೀಸಣಿಕೆ ಬೀಸುತ್ತಿದ್ದಳು.

"ನೀವು ಉಣ್ರಿ ಅಕ್ಕಾರ."

"ನಿನ್ನ ಕೂಡ ಉಣ್ತೇನಿ. ಸುಮ್ಮ ಮಕ್ಕೋ."

ಸಂಜೆ ಡಾಕ್ಟರು ಮತ್ತೆ ಬಂದು ನಾಡಿ ಸರಿಯಿದೆ ಎಂದರು. ಅವರು ಅಂಗಳ ದಾಟುವ ಮೊದಲೇ ಇಬ್ಬರೂ ತಾಟಿನ ಮುಂದೆ ಕುಳಿತಿದ್ದರು.

ಮರುದಿನ ಮುಂಜಾನೆ ಚಿಗವ್ವನ ಬಸ್ಸಿನ ಹೊತ್ತಿಗೆ ಮೊದಲು ವೈನಿ ಒಂದು ಮಾತು ತೆಗೆದಳು. "ನನಗ ಅದು ಕುಡಿಬೇಕಾಗೇತಿ. ಬಯಕಿ ಉಳಿಸಿಕೊಂಡು ತವರಿಗೆ ಹೋಗಾಂಗಿಲ್ಲ ನಾ."

ನಾನು ಆಗುವುದಿಲ್ಲವೆಂದು ತಲೆಯಾಡಿಸಿದೆ. ಡಬ್ಬಿಯಲ್ಲಿದ್ದವು ನಾನೇ ಹರಿದು ಒಣಗಿಸಿದ ಹೂಗಳು, ಅದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಕೈ ಮುಂದೆ ಬರಲಿಲ್ಲ. ಎದ್ದವಳು ಅತ್ತಿ. ಡಬ್ಬಿ ತರಿಸಿ, ಹೂಗಳನ್ನು ಪಿಂಗಾಣಿ ಬಟ್ಟಲಿಗೆ ಸುರಿದು, ಅಂಗಳದ ಬೆಳಕಿಗೆ ತಂದಳು. ಒಂದು ಹೂವನ್ನು ಬೆರಳಿನಿಂದ ಬಿಡಿಸಿ ನೋಡಿ ಅವ್ವನ ಕೈಗೆ, ಅವ್ವ ನೋಡಿ ಚಿಗವ್ವನ ಕೈಗೆ, ಚಿಗವ್ವ ನೋಡಿ ನನ್ನ ಕೈಗೆ. ನಾಲ್ಕು ಜೋಡಿ ಕಣ್ಣು ದಾಟಿದ ಹೂ ಮಾತ್ರ ಬಿಸಿನೀರಿಗೆ. ಹೀಗೆ ಒಂದು ಗ್ಲಾಸಿನಷ್ಟು ಪಾನಕ ಮಾಡಲು ಅರ್ಧ ಮುಂಜಾನೆ ಹೋಯಿತು. ಚಿಗವ್ವನ ಬಸ್ಸು ಹೋಯಿತು, ಯಾರೂ ಅದರ ಮಾತೆತ್ತಲಿಲ್ಲ.

ಲಿಂಬೆ ಹಿಂಡಿದ್ದು ಅತ್ತಿಯೇ. ಬಣ್ಣ ಬದಲಾಗುವುದನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ವೈನಿ ಕೈ ಚಾಚಿದಳು. ಅತ್ತಿ ಕೊಡಲಿಲ್ಲ.

"ತಡಿ. ಮೊದಲ ನಾ ಕುಡಿತೇನಿ. ನಿನ್ನೆ ವಿಷ ಹೋಗಿದ್ದು ನನ್ನ ಬುಟ್ಟಿಯಿಂದ."

"ನಿಮಗ ಪೂಜಿ ಆಗಿಲ್ಲಲ್ರಿ," ಎಂದಳು ವೈನಿ.

"ದೇವರು ಕಾಯ್ತಾನ. ನಿನ್ನೆ ಕಾದಾನಲ್ಲ."

ಗ್ಲಾಸನ್ನು ಮೇಲಿನಿಂದ ಎತ್ತಿ ಬಾಯಿಗೆ ಸುರಿದುಕೊಂಡು ಎರಡು ಗುಟುಕು ನುಂಗಿದಳು. ಮುಖ ಕಿವುಚಿದಳು. ನನ್ನ ಜೀವ ಹಾರಿತು.

"ಇಂಡಿ ಲಿಂಬಿಹಣ್ಣು ಭಾಳ ಹುಳಿ," ಎಂದಳು. "ಸಕ್ಕರಿ ಹಾಕ್ರಿ ಕೂಸಿಗೆ."

"ಹುಳಿ ಇದ್ರ ಅಲ್ಲೇನ್ರಿ ಲಿಂಬಿಹಣ್ಣು," ಎಂದಳು ಚಿಗವ್ವ.

ಸಕ್ಕರೆ ಹಾಕಿ ಕಲಕಿ, ಅತ್ತಿ ತಾನೇ ವೈನಿಯ ಕೈಗೆ ಗ್ಲಾಸು ಕೊಟ್ಟಳು. ವೈನಿ ನಿಧಾನವಾಗಿ ಕುಡಿದಳು. ಅವಳ ಗಂಟಲು ಪ್ರತಿ ಗುಟುಕಿಗೂ ಏರಿ ಇಳಿಯುವುದನ್ನು ನಾವು ನಾಲ್ವರೂ ನೋಡಿದೆವು. ಗ್ಲಾಸು ಖಾಲಿಯಾಯಿತು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕುಳಿತಳು. ನಾನು ಹೆದರಿ, "ಏನಾತು?" ಎಂದೆ.

"ಏನಿಲ್ಲ," ಎಂದಳು. "ಒದಿಯಾಕತ್ತೇತಿ. ಇನ್ನೊಂದು ಗಿಲಾಸ ಬೇಕಂತ."