ಇಸ್ತ್ರಿ ಕೋಣೆಯ ಗೆಕೊ ಮರಿಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಅಂಗಡಿಗಳೆಲ್ಲ ಬಾಗಿಲೆಳೆದುಕೊಂಡು ಮಲಗಿವೆ. ಇಸ್ತ್ರಿ ಅಂಗಡಿಯ ಒಳಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಮೇಜಿನ ಮೇಲೆ ನಿನ್ನೆ ಬಂದ ಬಟ್ಟೆಯ ಗಂಟು ಹಾಗೇ ಇದೆ. ಅದನ್ನು ಬಿಚ್ಚುವ ಮೊದಲು ಅಂಗಡಿಯ ಅಕ್ಕ ಗೋಡೆ ಪಕ್ಕದ ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳ ಎತ್ತುತ್ತಾರೆ. ಒಳಗೆ ಪುಟ್ಟ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳು, ಡಬ್ಬಿಯೊಳಗೆ ಒದ್ದೆ ಹುಡಿಯ ಹಾಸಿಗೆ, ಅದರಲ್ಲಿ ಅರ್ಧ ಹುದುಗಿದ ಬಿಳಿ ಮೊಟ್ಟೆಗಳು. ಗಟ್ಟಿ ಚಿಪ್ಪಿಲ್ಲ, ತೆಳು ಚರ್ಮದ ಹಾಗೆ ಮೆತ್ತಗೆ. ಅಕ್ಕ ಅವನ್ನು ಮುಟ್ಟುವುದಿಲ್ಲ. ಥರ್ಮಾಮೀಟರ್ ನೋಡಿ, ಮುಚ್ಚಳದ ಒಳಗೆ ಕಟ್ಟಿದ ನೀರಹನಿಗಳನ್ನು ಹಳೇ ಬನಿಯನ್ ತುಂಡಿನಿಂದ ಒರೆಸುತ್ತಾರೆ. ಹನಿ ಮೊಟ್ಟೆಯ ಮೇಲೆ ತೊಟ್ಟಿಕ್ಕಿದರೆ ಬೂಷ್ಟು ಹಿಡಿಯುತ್ತದೆ.

"ಆಯ್ತು, ಎಲ್ರೂ ಆರಾಮಾಗಿದಾರೆ," ಎಂದು ತಮಗೆ ತಾವೇ ಹೇಳಿಕೊಂಡು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಹಾಕುತ್ತಾರೆ.

ಬೀದಿಯವರ ಬಾಯಲ್ಲಿ ಅವರು ಮೊಟ್ಟೆಯಕ್ಕ. ಹೊಸಬರು ಕೋಳಿಮೊಟ್ಟೆ ಕೇಳಿಕೊಂಡು ಬಂದು ಪೆಚ್ಚಾಗಿ ಹೋದದ್ದೂ ಉಂಟು. ಅಕ್ಕ ಕಾವು ಕೊಟ್ಟು ಮರಿ ಮಾಡಿಸುವುದು ಗೆಕೊ ಮೊಟ್ಟೆಗಳನ್ನು. ಹಳದಿ ಮೈ, ಕಪ್ಪು ಚುಕ್ಕೆ, ದಪ್ಪ ಬಾಲದ ಈ ಹಲ್ಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಅದು ಮೊಟ್ಟೆ ಇಟ್ಟ ದಿನ ಕೈಕಾಲು ಬಿಡುವವರೂ ಅವರೇ.

ಶುರುವಾದದ್ದು ಎದುರಿನ ಸಾಕುಪ್ರಾಣಿ ಅಂಗಡಿಯವರಿಂದ. ಒಮ್ಮೆ ಷರ್ಟು ಕೊಡಲು ಬಂದವರು ಕಾಗದದ ಲೋಟ ಹಿಡಿದುಕೊಂಡು ಕಸದ ಬುಟ್ಟಿ ಹುಡುಕುತ್ತಿದ್ದರು. ಲೋಟದಲ್ಲಿ ಎರಡು ಮೊಟ್ಟೆ.

"ಜೀವ ಇದ್ಯಾ?" ಅಂತ ಅಕ್ಕ ಕೇಳಿದರು.

"ಇದ್ರೂ ಇರಬಹುದು. ಕಾವು ಕೊಡ್ತಾ ಕೂರೋಕೆ ಯಾರಿಗೆ ಪುರುಸೊತ್ತು?"

"ನಮ್ಮನೇಲಿ ದಿನವಿಡೀ ಕಾವೇ ಅಲ್ವಾ? ಇಲ್ಲಿಟ್ಟು ಹೋಗಿ."

ಇಸ್ತ್ರಿ ಪೆಟ್ಟಿಗೆಯ ಮಗ್ಗುಲಲ್ಲೇ ಇಟ್ಟುಕೊಂಡ ಆ ಮೊಟ್ಟೆಗಳು ಒಣದ್ರಾಕ್ಷಿಯ ಹಾಗೆ ಮುದುಡಿಹೋದವು. "ಪ್ರೀತಿ ಜಾಸ್ತಿಯಾಗಿ ಬೇಯಿಸಿಬಿಟ್ಟೆ," ಎನ್ನುತ್ತಾರೆ ಅಕ್ಕ. ಆಮೇಲೆ ಅಂಗಡಿಯವರನ್ನು ಪೀಡಿಸಿ, ಫೋನಿನಲ್ಲಿ ವಿಡಿಯೊ ನೋಡಿ, ಅದಕ್ಕಿಂತ ಹೆಚ್ಚಾಗಿ ಕೆಟ್ಟ ಮೊಟ್ಟೆಗಳಿಂದಲೇ ಪಾಠ ಕಲಿತರು. ಎಲೆಕ್ಟ್ರಿಷಿಯನ್ ಆಗಿರುವ ಅಕ್ಕನ ತಮ್ಮ ಥರ್ಮೋಕೋಲ್ ಪೆಟ್ಟಿಗೆಗೆ ಬಿಸಿಯ ತಂತಿ ಎಳೆದುಕೊಟ್ಟ.

"ಕೋಳಿಮೊಟ್ಟೆ ತಿರುಗಿಸ್ತಾ ಇರಬೇಕು. ಇದನ್ನ ತಿರುಗಿಸಿದ್ರೆ ಒಳಗಿನ ಮರಿ ಹೋಗ್ಬಿಡತ್ತೆ. ಅದಕ್ಕೇ ನೆತ್ತಿ ಮೇಲೆ ಪೆನ್ಸಿಲಲ್ಲಿ ಒಂದು ಚುಕ್ಕೆ ಇಡ್ತೀನಿ." ಟಾರ್ಚು ಹಿಡಿದು ತೋರಿಸುತ್ತಾರೆ: ಗುಲಾಬಿ ಬೆಳಕಿನಲ್ಲಿ ಕೆಂಪು ದಾರದಂಥ ನರಗಳು. "ಇನ್ನೊಂದು ತಮಾಷೆ ಇದೆ. ಕಾವು ಹದವಾಗಿದ್ರೆ ಹೆಣ್ಣು ಮರಿ ಜಾಸ್ತಿ, ಬಿಸಿ ಏರಿದ್ರೆ ಗಂಡು. ನಮ್ಮನೆಯವರನ್ನ ನೋಡಿದ್ರೆ ಇದು ನಿಜ ಅನ್ಸತ್ತೆ."

ಮನೆಯವರು ಅಂದರೆ ಇಸ್ತ್ರಿಯಾದ ಬಟ್ಟೆಗಳನ್ನು ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುವ ಯಜಮಾನರು. ಹಲ್ಲಿ ಕಂಡರೆ ಮಾರು ದೂರ. ಎಷ್ಟೋ ಕಾಲ ಅವರು ಆ ಪೆಟ್ಟಿಗೆಗೆ ಬೆನ್ನು ಹಾಕಿಯೇ ಊಟ ಮಾಡಿದರು. ಮರಿ ಹೊರಬಂದ ದಿನವಂತೂ ಅಂಗಡಿಯ ಬೆಂಚೇ ಅವರ ಹಾಸಿಗೆ.

ಅವರನ್ನು ಬದಲಾಯಿಸಿದ್ದು ಒಂದೇ ಒಂದು ಮೊಟ್ಟೆ. ಬೀದಿಯ ಕೊನೆಯ ಮನೆಯ ನರ್ಸ್ ಒಬ್ಬರ ಗೆಕೊ ಎರಡು ಮೊಟ್ಟೆಯಿಟ್ಟು ಮರುದಿನ ಸತ್ತುಹೋಯಿತು. ಪಾಳಿ ಮುಗಿಸಿ ಬಂದಾಗಲೆಲ್ಲ ಗಾಜಿನ ಹತ್ತಿರ ಓಡಿಬರುತ್ತಿದ್ದ ಜೀವ ಅದು. ಒದ್ದೆ ಹತ್ತಿಯಲ್ಲಿ ಮೊಟ್ಟೆಗಳನ್ನಿಟ್ಟುಕೊಂಡು ಬಂದ ನರ್ಸ್, "ಅಕ್ಕ, ಇಷ್ಟೇ ಉಳಿದಿರೋದು," ಅಂದು ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತರು.

ಒಂದು ಮೊಟ್ಟೆಗೆ ಬೂಷ್ಟು ಬಂತು. ಇನ್ನೊಂದರಲ್ಲಿ ಮರಿ ಬೆಳೆದು, ಇನ್ನೇನು ಹೊರಬರಬೇಕು ಅನ್ನುವಾಗ ಬಿರುಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಮೈ ನಡುಗಿಸುವ ಚಳಿ. ಪೆಟ್ಟಿಗೆಯ ಬಿಸಿ ಇಳಿಯುತ್ತಲೇ ಇತ್ತು. ಯಜಮಾನರು ತೊಯ್ದು ತೊಪ್ಪೆಯಾಗಿ ಒಳಗೆ ಬಂದಾಗ ಅಕ್ಕ ಪೆಟ್ಟಿಗೆಗೆ ಕಂಬಳಿ ಸುತ್ತಿ, ಅದನ್ನು ತಬ್ಬಿಕೊಂಡು ನೆಲದ ಮೇಲೆ ಕೂತಿದ್ದರು.

"ರೀ, ಸಿಸ್ಟರಿಗೆ ಏನಂತ ಹೇಳ್ಲಿ ನಾನು?"

ಅವರು ತಲೆ ಒರೆಸಿಕೊಳ್ಳಲೂ ಇಲ್ಲ. ಸೀದಾ ಹೋಗಿ ಒಲೆ ಹೊತ್ತಿಸಿದರು. ನೀರು ಕಾಯಿಸಿ ಬಾಟಲಿಗಳಿಗೆ ತುಂಬಿ, ಟವೆಲ್ ಸುತ್ತಿ ತಂದು, ಜೀವಮಾನದಲ್ಲೇ ಮೊದಲ ಸಲ ಆ ಮುಚ್ಚಳ ಎತ್ತಿದರು.

"ಯಾವ ಕಡೆ ಇಡ್ಲೇ?"

"ಮೂಲೇಲಿಡಿ. ಡಬ್ಬಿಗೆ ತಾಗಬಾರ್ದು."

ಬಾಟಲಿ ಆರಿದಂತೆಲ್ಲ ಬದಲಿಸುತ್ತ, ಸಂಜೆ ಕರೆಂಟು ಬರುವವರೆಗೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.

ಕೆಲವು ದಿನಗಳ ನಂತರ ಮೊಟ್ಟೆಯ ಮೇಲೆ ಬೆವರಿನಂಥ ಹನಿ ಮೂಡಿ, ಒಂದು ಮಗ್ಗುಲು ಒಳಕ್ಕೆ ಸರಿಯಿತು. ಮರಿ ಬರುವ ಮೊದಲೂ ಹೀಗಾಗುತ್ತದೆ, ಒಳಗೇ ಸತ್ತಾಗಲೂ ಮೊಟ್ಟೆ ಕುಸಿಯುತ್ತದೆ. ನೋಡಲಾರದೆ ಅಕ್ಕ ಮೇಜಿಗೆ ಹೋಗಿ ಒಂದೇ ಷರ್ಟನ್ನು ತಿರುಗಿಸಿ ಮುರುಗಿಸಿ ಉಜ್ಜುತ್ತಿದ್ದರು. ಪೆಟ್ಟಿಗೆಯ ಹತ್ತಿರ ಕೂತಿದ್ದ ಯಜಮಾನರು ಮೆಲ್ಲಗೆ ಕರೆದರು.

"ಏ, ಬಾರೇ ಇಲ್ಲಿ. ಮೂತಿ ಹೊರಗೆ ಹಾಕಿದೆ. ಕಣ್ಣು ಬೇರೆ ಮಿಟುಕಿಸ್ತಿದೆ."

ಗೋಡೆಯ ಹಲ್ಲಿಗೆ ರೆಪ್ಪೆಯಿಲ್ಲ, ಈ ಗೆಕೊಗೆ ಇದೆ. ಆ ಮಿಟುಕಿಗೆ ಮನುಷ್ಯ ಕರಗಿಹೋದರು. ಈಗ ಬಟ್ಟೆ ಕೊಟ್ಟು ಬರುವಾಗ ಮರಿಗಳಿಗೆ ಎಳೆ ಜೀರುಂಡೆ ತರುವುದು ಅವರದೇ ಕೆಲಸ. "ತೀರಾ ದೊಡ್ಡದು ತಂದ್ರೆ ವಾಪಸ್ ಕಳಿಸ್ತಾಳೆ," ಎಂದು ದೂರುವಾಗಲೂ ದನಿಯಲ್ಲಿ ಬಿಂಕವಿದೆ.

ಪಟ್ಟೆ ಪಟ್ಟೆ ಮೈಯ ಮರಿ ಮೊದಲ ಪೊರೆ ಕಳಚಿ, ಅದನ್ನೇ ತಿಂದು, ಆಮೇಲೆ ಬೇಟೆಗಿಳಿಯುತ್ತದೆ. ಚೆನ್ನಾಗಿ ತಿನ್ನಲು ಕಲಿಯುವ ತನಕ ಅಕ್ಕ ಯಾರಿಗೂ ಕೊಡುವುದಿಲ್ಲ. ನರ್ಸ್ ಬಂದ ದಿನ ಮರಿ ಜೀರುಂಡೆಯ ಮುಂದೆ ಬಾಲದ ತುದಿ ಅಲ್ಲಾಡಿಸುತ್ತ ಹೊಂಚುಹಾಕುತ್ತಿತ್ತು. "ಅಮ್ಮನ ಥರಾನೇ," ಅಂದ ನರ್ಸ್ ಕಣ್ಣೊರೆಸಿಕೊಂಡರು. ಏನು ಹೆಸರಿಟ್ಟಿದ್ದೀರಿ ಅಂತ ಕೇಳಿದರು.

"ನಾನು ಹೆಸರಿಡಲ್ಲ ಸಿಸ್ಟರ್. ಹೆಸರಿಟ್ರೆ ಆಮೇಲೆ ಕೊಡೋಕೆ ಮನಸ್ಸು ಬರಲ್ಲ."

ಮುಂದೇನು ಆಸೆ ಅಂದರೆ ಅಕ್ಕ ಕಾಲರಿಗೆ ನೀರು ಚಿಮುಕಿಸುತ್ತಾ ಯೋಚಿಸುತ್ತಾರೆ. "ದೊಡ್ಡ ಆಸೆ ಏನಿಲ್ಲ. ಇಲ್ಲಿಂದ ಹೋದ ಯಾವುದಾದ್ರೂ ಒಂದು ಮರಿ ದೊಡ್ಡದಾಗಿ ಮೊಟ್ಟೆ ಇಟ್ರೆ, ಅದನ್ನ ನನ್ನ ಹತ್ರಾನೇ ತರ್ಲಿ. ಬಾಣಂತನ ತವರುಮನೇಲೇ ಆಗ್ಬೇಕಲ್ವಾ?"