ಹೊರೆ ಇಳಿಸುವ ಎತ್ತರ

ಔಷಧಿ ಅಂಗಡಿಗಳಿಗೆ ಮಾಲು ಮುಟ್ಟಿಸುವ ಕೆಲಸ ನನ್ನದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಅಂತ ವಾರವಿಡೀ ಬೈಕಿನಲ್ಲಿ ಸುತ್ತುತ್ತೇನೆ. ಹೊಸ ಕಟ್ಟಡ ಕಂಡರೆ ನಿಂತು ನೋಡದೆ ಮುಂದೆ ಹೋದವನಲ್ಲ. ಯಾರೂ ಕೇಳದಿದ್ದರೂ ಅಭಿಪ್ರಾಯ ಹೇಳುವುದು ನನ್ನ ಹುಟ್ಟುಗುಣ. ಪೇಟೆಯ ಬಟ್ಟೆ ಅಂಗಡಿಯೊಂದು ಮೈತುಂಬ ನೀಲಿ ಗಾಜು ಹೊದ್ದು ನಿಂತಾಗ, ಒಳಗಿರುವವರು ಬೆಂದು ಹೋಗುತ್ತಾರೆ ಎಂದು ಬೈದೆ. ನಾಗಮಂಗಲದ ದಾರಿಯಲ್ಲಿ ಎಳನೀರು ಮಾರುವವನೊಬ್ಬ ತೆಂಗಿನಕಾಯಿ ಆಕಾರದಲ್ಲೇ ಸಿಮೆಂಟಿನ ಗೂಡಂಗಡಿ ಕಟ್ಟಿಸಿಕೊಂಡಿದ್ದಾನೆ. ಅದಕ್ಕೆ ಜುಟ್ಟು ಕೂಡ ಇದೆ. ಅದನ್ನು ಕಂಡರೆ ಇವತ್ತಿಗೂ ಖುಷಿ.

ಆದರೆ ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ನಮ್ಮೂರಿನ ಬಸ್ ನಿಲ್ದಾಣ. ಬೆಳಗೊಳದಿಂದ ತುಸು ದೂರದ ಊರು ನಮ್ಮದು.

ನನ್ನ ಅತ್ತಿಗೆ ಎರಡು ಹಸು ಸಾಕಿದ್ದಾರೆ. ಮೇವು ಬೆಳೆಯುವ ಗದ್ದೆ ಕಾಲುವೆಯ ಆಚೆ. ದಿನವೂ ಅಲ್ಲಿಂದ ಹಸಿಹುಲ್ಲಿನ ಹೊರೆ ತಲೆ ಮೇಲೆ ಬರಬೇಕು. ಅಣ್ಣನಿಗೆ ಸೊಂಟದ ಆಪರೇಷನ್ ಆಗಿದೆ. ಬೈಕಿನಲ್ಲಿ ತರೋಣವೆಂದರೆ ನಾನು ಊರು ಸೇರುವುದೇ ಕತ್ತಲಾದ ಮೇಲೆ. ಗದ್ದೆಯಲ್ಲಾದರೆ ಅಕ್ಕಪಕ್ಕದವರು ಹೊರೆ ಎತ್ತಿ ತಲೆಗಿಡುತ್ತಾರೆ. ನಡುದಾರಿಯಲ್ಲಿ ಇಳಿಸಿದರೆ ಮತ್ತೆ ಎತ್ತಿಕೊಡುವವರು ಯಾರು? ಹಿಂದೆ ಅದಕ್ಕೆಂದೇ ರಸ್ತೆ ಬದಿ ಹೊರೆಗಲ್ಲಿತ್ತು, ಎರಡು ಕಲ್ಲುಕಂಬದ ಮೇಲೊಂದು ಚಪ್ಪಡಿ. ತಲೆಯಿಂದ ಹೊರೆಯನ್ನು ಹಾಗೇ ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆಕೊಟ್ಟು ಹೊರಡಬಹುದಿತ್ತು. ರಸ್ತೆ ಅಗಲವಾದಾಗ ಅದು ಹೋಯಿತು. ಆಮೇಲೆ ಅತ್ತಿಗೆಯ ಕತ್ತು ಹಿಡಿದುಕೊಂಡಿತು.

ನಾನು ತಂದುಕೊಟ್ಟ ಮುಲಾಮುಗಳೆಲ್ಲ ನೀರಿನಲ್ಲಿ ಹೋಮ ಮಾಡಿದಂತಾದವು. ಹಸು ಮಾರಿಬಿಡಿ ಎಂದು ಅಣ್ಣನೂ ನಾನೂ ಗಂಟುಬಿದ್ದೆವು.

“ಹಸ ಮಾರ್ಬುಟ್ಟು ನಿಮ್ಮಿಬ್ರ ಮಕ ನೋಡ್ಕಂಡು ಕೂತ್ಕಳನಾ?” ಎಂದರು ಅತ್ತಿಗೆ. ಆದರೂ ನೋವು ತಡೆಯಲಾರದೆ ಒಂದು ದಿನ, ದಲ್ಲಾಳಿಗೆ ಹೇಳಿಕಳಿಸು ಎಂದು ಅವರೇ ಅಂದಾಗ ನನಗೆ ಸಂಕಟವಾಯಿತು. ಆ ಹಸುಗಳನ್ನು ಅವರು ಕರುವಿನಿಂದ ಸಾಕಿದ್ದರು.

ಇದಕ್ಕೂ ಮೊದಲೇ, ಹೊಸ ನಿಲ್ದಾಣದ ನಕ್ಷೆ ಮಾಡಲು ಮೈಸೂರಿನಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಅರಳಿಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಸುಮ್ಮನೆ ನೋಡುತ್ತಿದ್ದಳು. ಒಮ್ಮೆ ಹೊರೆ ಹೊತ್ತ ಅತ್ತಿಗೆಯನ್ನು ನಿಲ್ಲಿಸಿ, ನೆಲದಿಂದ ಕಿವಿಯವರೆಗೆ ಟೇಪು ಹಿಡಿದಳಂತೆ.

“ರವಿಕೆ ಹೊಲ್ಯೋನೂ ನನ್ನ ಇಂಗೆ ಅಳ್ದಿರ್ನಿಲ್ಲ ಕಣಪ್ಪ. ಬಸ್‌ಸ್ಟಾಂಡ್ ಮುಂದೆ ನನ್ ಬೊಂಬೆ ನಿಲ್ಲಿಸ್ತಾಳೋ ಏನೋ!” ಎಂದು ಅತ್ತಿಗೆ ಮನೆಯಲ್ಲಿ ನಕ್ಕರು.

ನಿಲ್ದಾಣ ಎದ್ದಿತು. ಇಳಿಜಾರು ಹೆಂಚಿನ ಮಾಡು, ನಡುನಡುವೆ ಕಿಂಡಿ ಬಿಟ್ಟು ಕಟ್ಟಿದ ಇಟ್ಟಿಗೆ ಗೋಡೆ. ಸುಡುಬಿಸಿಲಿನಲ್ಲೂ ಒಳಗೆ ಗಾಳಿ ಆಡುತ್ತಿತ್ತು. ಇಷ್ಟು ಚೆಂದದ ನಿಲ್ದಾಣ ನಾಲ್ಕು ತಾಲೂಕಿನಲ್ಲಿ ಇಲ್ಲ ಎಂದು ಎದುರಿನ ಟೀ ಅಂಗಡಿಯಲ್ಲಿ ಸಾರಿದೆ. ಗೋಡೆಯ ಹೊರಗಡೆ, ರಸ್ತೆ ಕಡೆಗೆ, ಒಂದು ಕಲ್ಲುಚಪ್ಪಡಿ ಚಾಚಿಕೊಂಡಿದ್ದು ಮಾತ್ರ ನನಗೂ ಅರ್ಥವಾಗಲಿಲ್ಲ.

“ಕೂರಕ್ಕೂ ಆಗಾಕಿಲ್ಲ, ಮಲಗಕ್ಕೂ ಆಗಾಕಿಲ್ಲ. ಅಷ್ಟೆತ್ತರಕ್ಕೆ ಯಾಕ್ಲಾ ಮಡಗವ್ರೆ? ಲೆಕ್ಕ ತಪ್ಪದೆ ಕಣ್ಲಾ,” ಎಂದ ಟೀ ಅಂಗಡಿಯವನು. ಅಲಂಕಾರಕ್ಕಿರಬೇಕು ಎಂದೆ ನಾನು.

ಅವತ್ತು ಭಾನುವಾರ. ಚಪ್ಪಡಿ ಕೂರಿಸಿದ್ದು ಹಿಂದಿನ ದಿನವಷ್ಟೇ. ದಲ್ಲಾಳಿ ಮರುದಿನ ಬರುವವನಿದ್ದ. ನಾವು ಹೀಗೆ ವಾದ ಮಾಡುತ್ತಿರುವಾಗಲೇ ಅತ್ತಿಗೆ ಹೊರೆ ಹೊತ್ತು ಬಂದರು. ಚಪ್ಪಡಿಯ ಮುಂದೆ ನಿಂತರು. ಒಂದು ಗಳಿಗೆ ನೋಡಿದರು. ಮೊಣಕಾಲು ತುಸು ಬಗ್ಗಿಸಿ, ತಲೆ ವಾಲಿಸಿ, ಹೊರೆಯನ್ನು ಅದರ ಮೇಲೆ ಜಾರಿಸಿದರು. ಹಿಡಿ ಹುಲ್ಲೂ ಉದುರಲಿಲ್ಲ. ಟೀ ಅಂಗಡಿಯವನು ಲೋಟ ಹಿಡಿದು ಹಾಗೇ ನಿಂತ.

“ನೋಡಪ್ಪ, ಸರ್ಯಾಗಿ ನನ್ ಕಿವಿಗ್ ಬತ್ತದೆ. ಅವತ್ತು ಆ ಹುಡ್ಗಿ ಅಳ್ದಿದ್ದು ಇದುಕ್ಕೆಯಾ!”

ಕತ್ತನ್ನು ಆಚೆ ಈಚೆ ತಿರುಗಿಸಿದರು. ಒಳಗೆ ಹೋಗಿ ಬೆಂಚಿನ ಮೇಲೆ ಕೂತು, “ನಂಗೂ ಒಂದ್ ಟೀ ಕೊಡಪ್ಪ,” ಎಂದರು. ಇಷ್ಟು ವರ್ಷ ದಿನವೂ ಆ ಅಂಗಡಿ ಮುಂದೆಯೇ ಹಾದುಹೋಗಿದ್ದರೂ, ಅಲ್ಲಿ ಒಂದು ಲೋಟ ಟೀ ಕುಡಿದವರಲ್ಲ.  ಲೋಟವನ್ನು ನಾನೇ ಒಯ್ದು ಅವರ ಕೈಗೆ ಕೊಟ್ಟೆ.

ಟೀ ಮುಗಿಸಿ, ಸೆರಗಿನ ಸಿಂಬೆ ಸರಿಮಾಡಿಕೊಂಡು, ಹೊರೆಯಡಿಗೆ ತಲೆಕೊಟ್ಟು ನೆಟ್ಟಗೆ ಎದ್ದರು. ಎತ್ತಿಕೊಡಿ ಎಂದು ಯಾರನ್ನೂ ಕರೆಯಲಿಲ್ಲ. ನಾಲ್ಕು ಹೆಜ್ಜೆ ಹೋದವರು ತಿರುಗದೆಯೇ ಹೇಳಿದರು:

“ದಲ್ಲಾಳಿಗೆ ಪೋನ್ ಮಾಡಿ ಬರ್ಬೇಡ ಅನ್ನು. ಹಸ ಎಲ್ಗೂ ಓಗಾಕಿಲ್ಲ.”